ಬಾನೆಟ್ ಎತ್ತದ ಹೊಗೆಯಣ್ಣ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಇಲ್ಲ ಅಂತಲ್ಲ. ಆದರೆ ಆ ಬೀದಿಯಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಸೈಲೆನ್ಸರ್ ತೂತಾದವರು, ಹೊಗೆ ತಪಾಸಣೆಯಲ್ಲಿ ಫೇಲಾಗಿ ಮುಖ ಬಾಡಿಸಿಕೊಂಡವರು, ಎಲ್ಲರೂ "ಹೊಗೆಯಣ್ಣ ಇದ್ದಾನಾ?" ಅಂತಲೇ ಕೇಳಿಕೊಂಡು ಬರುತ್ತಿದ್ದರು. ಅವನಿಗೂ ಆ ಹೆಸರು ಹಿಡಿಸಿತ್ತು. ಶೆಡ್ಡಿನ ಬೋರ್ಡಿನ ಮೇಲೂ ಅದನ್ನೇ ಬರೆಸಿಕೊಂಡಿದ್ದ.

ಶೆಡ್ಡು ಅಂದರೆ ಏನು ಮಹಾ? ಮೇಲೆ ತಗಡು, ನೆಲದಲ್ಲಿ ಒಬ್ಬ ನಿಂತು ಕೆಲಸ ಮಾಡುವಷ್ಟು ಆಳದ ಗುಂಡಿ, ಗೋಡೆಗೆ ತೂಗುಹಾಕಿದ ತುಕ್ಕು ಪೈಪುಗಳು, ಮೂಲೆಯಲ್ಲೊಂದು ವೆಲ್ಡಿಂಗ್ ಯಂತ್ರ. ಆದರೆ ಕೆಲಸದ ವಿಷಯದಲ್ಲಿ ಮಾತ್ರ ಎರಡು ಮಾತಿಲ್ಲ. ಗುಂಡಿಗಿಳಿದು ಪೈಪಿಗೆ ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿದು, ಎಲ್ಲಿ ಒಳಗೆ ಕೊಳೆತಿದೆ, ಎಲ್ಲಿ ಬೆಸುಗೆ ಬಿಟ್ಟಿದೆ ಅಂತ ಹೇಳಿಬಿಡುತ್ತಿದ್ದ. ಒಂದೇ ಒಂದು ಹಟ. ಗಾಡಿಯ ಬಾನೆಟ್ ಎತ್ತುತ್ತಿರಲಿಲ್ಲ. "ಹೊಟ್ಟೆ ಕೆಳಗಿರೋದೆಲ್ಲ ನಂದು. ಬಾನೆಟ್ ಕೆಳಗಿರೋದು ನಂದಲ್ಲ" ಅನ್ನುತ್ತಿದ್ದ, ಏನೋ ದೊಡ್ಡ ವ್ರತ ಹಿಡಿದವನ ಹಾಗೆ.

ವ್ರತವೂ ಇಲ್ಲ, ಮಣ್ಣೂ ಇಲ್ಲ. ಅದರ ಹಿಂದೆ ಇದ್ದದ್ದು ಪಕ್ಕದ ಶೆಡ್ಡಿನ ಇಂಜಿನ್ನಯ್ಯ. ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ, ಬಾಯಿಯೂ ಅಷ್ಟೇ ದೊಡ್ಡದು. ಒಮ್ಮೆ ಗಿರಾಕಿಯ ಎದುರಿಗೇ "ನಮ್ಮ ಹೊಗೆಯಣ್ಣನಿಗೆ ಗಾಡಿ ಅಂದ್ರೆ ಬಾಲ ಮಾತ್ರ ಕಣ್ರೀ, ತಲೆ ಎಲ್ಲಿದೆ ಅಂತ ಗೊತ್ತಿಲ್ಲ" ಅಂದುಬಿಟ್ಟಿದ್ದ. ತಮಾಷೆಗೆ ಅಂದದ್ದು. ನಕ್ಕು ಬಿಡಬೇಕಿತ್ತು. ಇವನು ಬಿಡಲಿಲ್ಲ. ಅವತ್ತಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ನಡುವೆ ಇರುವುದು ಒಂದೇ ಗೋಡೆ, ಆದರೂ ಮಾತಿಲ್ಲ ಕತೆಯಿಲ್ಲ. ಇಂಜಿನ್ ಕೆಲಸ ಬೇಕಾದ ಗಾಡಿ ಬಂದರೂ "ಪಕ್ಕಕ್ಕೆ ತಗೊಂಡು ಹೋಗಿ" ಅನ್ನುವಷ್ಟು ಮಾತು ಇವನ ಬಾಯಿಂದ ಹೊರಡುತ್ತಿರಲಿಲ್ಲ. ಇಂಥ ಜಂಬಕ್ಕೆ ಯಾರಾದರೂ ಬೆಲೆ ತೆರಲೇಬೇಕು ನೋಡಿ. ತೆತ್ತವಳು ಅವನ ಅಕ್ಕ.

ಅಕ್ಕ ನರ್ಸು. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೆ, ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ತೊಳೆದು, ಪಟ್ಟಿ ಬದಲಿಸಿ, ಮಗ್ಗುಲು ಹೊರಳಿಸಿ ಬರುತ್ತಿದ್ದಳು. ಮನೆಗಳು ಊರಿನ ಈ ತುದಿಗೊಂದು, ಆ ತುದಿಗೊಂದು. ಅದಕ್ಕೆಂದೇ ತಲೆ ನರೆತ ಮೇಲೆ ಡ್ರೈವಿಂಗ್ ಕಲಿತು, ಹಳೇ ಕಾರೊಂದನ್ನು ಕೊಂಡಿದ್ದಳು. ಭಾವನಿಗೆ ಅದು ಮೊದಲಿನಿಂದಲೂ ಸರಿಬಂದಿರಲಿಲ್ಲ. "ನಿನ್ನಕ್ಕ ಗಾಡಿ ಓಡಿಸಲ್ಲ ಕಣೋ, ಗಾಡಿ ಜತೆ ಜಗಳ ಆಡ್ತಾಳೆ" ಅಂತ ಬಂದವರ ಮುಂದೆಲ್ಲ ನಗುತ್ತಿದ್ದ. ಅಕ್ಕ ಆ ಮಾತನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕೀಲಿ ತಿರುವಿ ಹೊರಟುಬಿಡುತ್ತಿದ್ದಳು.

ಒಂದು ದಿನ ಅವಳು ಗಾಡಿಯನ್ನು ತಮ್ಮನ ಶೆಡ್ಡಿಗೆ ತಂದು ನಿಲ್ಲಿಸಿದಳು.

"ನೋಡೋ, ಏರು ಹತ್ತೋಕೆ ಒದ್ದಾಡುತ್ತೆ. ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಇನ್ನೊಂದು, ಸಿಗ್ನಲ್‌ನಲ್ಲಿ ನಿಂತಾಗ ಜ್ವರ ಬಂದವರ ಥರ ನಡುಗುತ್ತೆ. ಮೀಟರ್ ಪಕ್ಕದಲ್ಲಿ ಒಂದು ಹಳದಿ ದೀಪ ಬೇರೆ ಮಿಣಮಿಣ ಅಂತಿದೆ."

"ಹಳೇ ಗಾಡಿ ಅಕ್ಕ, ನಡುಗದೆ ಇನ್ನೇನು ಮಾಡುತ್ತೆ? ಕನ್ವರ್ಟರ್ ಕಟ್ಟಿಕೊಂಡಿರತ್ತೆ, ಬಿಡು. ಕಂಪನಿದು ಹಾಕಿಸಿದ್ರೆ ಗಾಡಿ ಬೆಲೇನೇ ಅದಕ್ಕೆ ಹೋಗುತ್ತೆ. ಹೊರಗಿನ ಪಾರ್ಟ್ ಒಂದು ಹಾಕ್ತೀನಿ, ಕೆಲಸ ಅದೇ ಮಾಡುತ್ತೆ."

"ನೀನು ಹೇಳಿದ ಮೇಲೆ ಮುಗೀತು" ಅಂದಳು ಅಕ್ಕ. ಚೀಲ ಹೆಗಲಿಗೇರಿಸಿಕೊಂಡು, ಹತ್ತಿರದ ಮನೆಗಳಿಗೆ ನಡೆದೇ ಹೋದಳು.

ಈ ಕನ್ವರ್ಟರ್ ಅನ್ನೋದು ಇಂಜಿನ್ನಿನಿಂದ ಬರುವ ವಿಷದ ಹೊಗೆಯನ್ನು ಹದಮಾಡಿ ಹೊರಗೆ ಬಿಡುವ ಉಕ್ಕಿನ ಡಬ್ಬಿ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕಣ್ಣುಗಳು. ಹೊಗೆಯಣ್ಣ ಹಳೆಯದನ್ನು ಕೊಯ್ದು ತೆಗೆದು, ಬೆಳಕಿಗೆ ಹಿಡಿದು ನೋಡಿದ. ಕಣ್ಣುಗಳು ಕಟ್ಟಿಕೊಂಡಿರಲಿಲ್ಲ, ಕರಗಿದ್ದವು. ನಡುವೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಒಂದು ಮುದ್ದೆ.

ಅವನ ಕೈ ಅಲ್ಲೇ ನಿಂತಿತು. ಇದರ ಅರ್ಥ ಅವನಿಗೆ ಗೊತ್ತಿಲ್ಲದ್ದೇನಲ್ಲ. ಇಂಜಿನ್ನಿನಲ್ಲಿ ಎಲ್ಲೋ ಕಿಡಿ ಸರಿಯಾಗಿ ಹಾರುತ್ತಿಲ್ಲ, ಉರಿಯದ ಪೆಟ್ರೋಲು ಹೊಗೆಯ ಜತೆ ಇಲ್ಲಿಗೆ ಬಂದು ಇಲ್ಲಿ ಉರಿದಿದೆ. ಅಕ್ಕ ಹೇಳಿದ ನಡುಕವೂ ಅದೇ, ಹಳದಿ ದೀಪವೂ ಅದೇ. ಅದನ್ನು ಸರಿಮಾಡದೆ ಇಲ್ಲಿ ಬಂಗಾರದ ಕನ್ವರ್ಟರ್ ಹಾಕಿದರೂ ಅದೇ ಗತಿ. ಹೊರಗಿನ ಪಾರ್ಟಂತೂ ಮೊದಲೇ ತೆಳು, ಬೇಗ ಕೈಕೊಡುತ್ತದೆ.

ಗೋಡೆಯಾಚೆ ಇಂಜಿನ್ನಯ್ಯ ಯಾರ ಜತೆಗೋ ಜೋರಾಗಿ ನಗುತ್ತಿದ್ದ. ಆ ನಗು ಕೇಳಿದ್ದೇ ತಡ, ಹೊಗೆಯಣ್ಣನ ಮೈ ಉರಿಯಿತು. ಅವನ ಬಾಗಿಲಿಗೆ ಹೋಗಿ, ನಮ್ಮಕ್ಕನ ಗಾಡಿಯ ತಲೆ ಸ್ವಲ್ಪ ನೋಡಿಕೊಡಪ್ಪ ಅಂತ ಹಲ್ಲು ಗಿಂಜಬೇಕೇ? ಆಗೋ ಮಾತಲ್ಲ. ಹೊಸ ಡಬ್ಬಿ ಇಟ್ಟ, ಬೆಸುಗೆ ಹಾಕಿದ, ಬೆಸುಗೆಯನ್ನು ಕಣ್ಣಿಗೊತ್ತಿಕೊಳ್ಳುವಷ್ಟು ಚೆಂದವಾಗಿ ಹಾಕಿದ. ದೀಪದ ವಿಷಯ ಅಕ್ಕ ಕೇಳಿದಾಗ "ಓಡ್ತಾ ಓಡ್ತಾ ತಾನೇ ಆರುತ್ತೆ" ಅಂದ. ದಡ್ಡನಾಗಿದ್ದರೆ ಪಾಪ ಅನ್ನಬಹುದಿತ್ತು. ಅವನು ಎಲ್ಲ ಗೊತ್ತಿದ್ದೂ ಮಾಡಿದ.

ಗಾಡಿ ಕೆಲವು ವಾರ ಓಡಿತು. ಆಮೇಲೊಂದು ಮಧ್ಯಾಹ್ನ ಏರಿನ ರಸ್ತೆಯಲ್ಲಿ, ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಹಾರ್ನ್ ಬಡಿಯುತ್ತಿರುವಾಗ, ಉಸಿರುಗಟ್ಟಿ ನಿಂತೇಬಿಟ್ಟಿತು. ಅಕ್ಕ ಭಾವನಿಗೆ ಫೋನ್ ಮಾಡಿದಳು, ಭಾವ ಹಗ್ಗ ಕಟ್ಟಿಸಿ ಎಳೆಸಿಕೊಂಡು ಶೆಡ್ಡಿಗೆ ತಂದ. ಅಕ್ಕನೂ ಜತೆಗೇ ಬಂದಿದ್ದಳು. ಬಿಸಿಲಿಗೆ ಭಾವನ ಮುಖ ಕೆಂಪಗಾಗಿತ್ತು.

"ಏನಪ್ಪಾ ಭಾಮೈದ, ಇದೇನಾ ನಿನ್ನ ಕೈಚಳಕ? ಹೊಸ ಪಾರ್ಟ್ ಹಾಕಿದ್ದೀನಿ ಅಂದೆ, ನೋಡಿಲ್ಲಿ!" ಅಂತ ಭಾವ ಶೆಡ್ಡಿನ ಬಾಗಿಲಲ್ಲೇ ಗಂಟಲು ಏರಿಸಿದ. ಅಲ್ಲಿ ಗಿರಾಕಿಗಳಿದ್ದರು. ಪಕ್ಕದ ಶೆಡ್ಡಿನಿಂದ ಇಂಜಿನ್ನಯ್ಯ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಿಂತ.

ಅವನನ್ನು ಕಂಡದ್ದೇ ಹೊಗೆಯಣ್ಣನ ನಾಲಿಗೆ ತನ್ನಷ್ಟಕ್ಕೆ ಹೊರಳಿತು.

"ಪಾರ್ಟ್ ಏನು ಮಾಡುತ್ತೆ ಭಾವ? ಕ್ಲಚ್ ಮೇಲೆ ಕಾಲಿಟ್ಟುಕೊಂಡು, ಅಕ್ಸಿಲರೇಟರ್ ಒತ್ತಿ ಹಿಡ್ಕೊಂಡು ಓಡಿಸಿದ್ರೆ ಯಾವ ಪಾರ್ಟ್ ತಡೆಯುತ್ತೆ ಹೇಳಿ? ಓಡಿಸೋರು ಸರಿಯಾಗಿ ಓಡಿಸಬೇಕು."

"ಹಂಗೆ ಹೇಳು ಮತ್ತೆ!" ಭಾವ ತೊಡೆ ತಟ್ಟಿಕೊಂಡು ನಕ್ಕು, ಅಕ್ಕನ ಕಡೆ ತಿರುಗಿದ. "ನಾನು ಅವತ್ತಿನಿಂದ ಬಡ್ಕೊಂಡೆ. ಈಗ ನಿನ್ನ ತಮ್ಮನೇ ಹೇಳ್ತಿದ್ದಾನೆ, ಕೇಳಿಸ್ಕೊ."

ಅಕ್ಕ ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡಳು, ಅದು ಯಾರದೋ ಕಾಲು ಅನ್ನುವ ಹಾಗೆ. ಆಮೇಲೆ ಚೀಲದಿಂದ ಕೀಲಿ ತೆಗೆದು ಭಾವನ ಕೈಗೆ ಕೊಟ್ಟಳು. ಹೊಗೆಯಣ್ಣ ಪೈಪು ಹುಡುಕುವ ನೆಪದಲ್ಲಿ ಗೋಡೆ ಕಡೆ ತಿರುಗಿದ.

ಮತ್ತೆ ಒಂದು ಹೊರಗಿನ ಡಬ್ಬಿ ಹಾಕಿ, ದುಡ್ಡು ಬೇಡ ಅಂದು, ಗಾಡಿ ಕಳಿಸಿಕೊಟ್ಟ. ಭಾವ ಅದನ್ನು ಮನೆ ಮುಂದೆ ನಿಲ್ಲಿಸಿ, ತನಗೆ ಮನಸ್ಸು ಬಂದಾಗ ಅಕ್ಕನನ್ನು ಒಂದೋ ಎರಡೋ ಮನೆಗೆ ಬಿಟ್ಟು ಬರುತ್ತಿದ್ದ. ದೂರದ ಮನೆಗಳು ಒಂದೊಂದಾಗಿ ಬಿಟ್ಟುಹೋದವು. ಹೊಗೆಯಣ್ಣನಿಗೆ ಇದು ಗೊತ್ತಾದದ್ದು ಒಬ್ಬ ಗಿರಾಕಿಯ ಬಾಯಿಂದ. ಆತ ವ್ಯಾನ್ ಚಾಲಕ, ಸೈಲೆನ್ಸರ್ ಕಟ್ಟಿಸಲು ಬಂದಿದ್ದ.

"ನಿಮ್ಮಕ್ಕಂಗೆ ಹುಷಾರಿಲ್ವಾ? ನಮ್ಮಮ್ಮನಿಗೆ ಪಟ್ಟಿ ಕಟ್ಟೋಕೆ ಬರ್ತಿದ್ರು, ಈಗ ಬರ್ತಿಲ್ಲ. ಬೇರೆ ಯಾರೋ ಬಂದು ಎಳೆದಾಡಿ ಹೋಗ್ತಾರೆ. ಅಮ್ಮ ದಿನಾ ಬಾಗಿಲು ನೋಡ್ತಾ ಮಲಗಿರ್ತಾರೆ."

ಹೊಗೆಯಣ್ಣ ಗುಂಡಿಯೊಳಗೆ ನಿಂತಿದ್ದ. ಒಳ್ಳೆಯದೇ ಆಯಿತು, ಮುಖ ಯಾರಿಗೂ ಕಾಣಲಿಲ್ಲ. ಮೇಲೆ ಬರಲು ನಾಚಿಕೆ, ಕೆಳಗಿರಲೂ ನಾಚಿಕೆ. ಪೈಪು ಕಟ್ಟುವುದು ಮುಗಿದು ಎಷ್ಟೋ ಹೊತ್ತಾದರೂ ಸುಮ್ಮನೆ ಸ್ಪ್ಯಾನರ್ ಆಡಿಸುತ್ತ ಅಲ್ಲೇ ಇದ್ದ. ವ್ಯಾನಿನವನು "ಆಯ್ತೇನಣ್ಣಾ?" ಅಂತ ಬಗ್ಗಿ ನೋಡಿದ ಮೇಲೆಯೇ ಹತ್ತಿ ಬಂದದ್ದು.

ಅವತ್ತೇ ಹೋಗಿ ಅಕ್ಕನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದನೇ? ಎಲ್ಲಿಯ ಮಾತು! ಮೊದಲು ಅಡ್ಡದಾರಿ ಹುಡುಕಿದ. ಸರ್ವೀಸ್ ಮಾಡಿಕೊಡ್ತೀನಿ ಅಂತ ಭಾವನಿಂದ ಗಾಡಿ ತಂದು, ಗೋಡೆಯಾಚೆ ಒಯ್ದು ನಿಲ್ಲಿಸಿದ. ಇಂಜಿನ್ನಯ್ಯ ಹುಬ್ಬು ಹಾರಿಸಿದ.

"ಏನಯ್ಯಾ, ದಾರಿ ತಪ್ಪಿ ಬಂದ್ಯಾ?"

"ಕಿಡಿ ಸರಿಯಿಲ್ಲ. ನೋಡಿಕೊಡು" ಅಂದ ಹೊಗೆಯಣ್ಣ ನೆಲ ನೋಡುತ್ತ.

ಇಂಜಿನ್ನಯ್ಯ ಬಾನೆಟ್ ಎತ್ತಿದ. ಕಿಡಿ ಕೊಡುವ ಕಾಯಿಲ್‌ಗಳಲ್ಲಿ ಒಂದು ಸತ್ತಿತ್ತು. ಹೊಸದು ಹಾಕಿ, ಇಂಜಿನ್ ಚಾಲೂ ಮಾಡಿದರೆ ನಡುಕ ನಿಂತೇಹೋಯಿತು. ಹೊಗೆಯಣ್ಣ ಕರಗತೊಡಗಿದ್ದ ಡಬ್ಬಿಯನ್ನು ಕೊಯ್ದು, ಇನ್ನೊಂದು ಕೂರಿಸಿ, ಗಾಡಿ ತೊಳೆಸಿ ಅಕ್ಕನ ಮನೆ ಮುಂದೆ ತಂದು ನಿಲ್ಲಿಸಿದ. ಎಲ್ಲ ಸದ್ದಿಲ್ಲದೆ ಮುಗಿದುಹೋಗಲಿ ಅಂತ ಅವನ ಆಸೆ.

ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸಿಡುತ್ತಿದ್ದಳು. ಅವನು ಕೀಲಿ ಚಾಚಿದ.

"ತಗೋ ಅಕ್ಕ. ಈಗ ಹೂ ಎತ್ತಿದ ಹಾಗೆ ಓಡುತ್ತೆ. ನಾಳೆಯಿಂದ ನಿನ್ನ ಪಾಡಿಗೆ ನೀನು ಹೋಗಿ ಬಾ."

"ಭಾವನಿಗೆ ಕೊಡು. ನಾನು ಓಡಿಸಲ್ಲ."

"ಯಾಕಕ್ಕ? ಭಾವ ಏನೋ ಅಂತಾರೆ, ನೀನು ಯಾವತ್ತು ತಲೆಗೆ ಹಚ್ಕೊಂಡಿದ್ದೆ?"

"ಅವರು ಅಂದಿದ್ದಕ್ಕಲ್ಲ ಕಣೋ. ಅವರದ್ದು ಇದ್ದದ್ದೇ. ನೀನು ಅಂದೆಯಲ್ಲ. ನಿನಗೆ ಗಾಡಿ ಗೊತ್ತು, ನಿನ್ನ ಮಾತಿನಲ್ಲಿ ಮೋಸ ಇರಲ್ಲ. ಆ ಏರಿನಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ?" ಅವಳು ಲೋಟವನ್ನು ಬಟ್ಟೆಯಿಂದ ತಿರುವಿ ತಿರುವಿ ಒರೆಸಿದಳು. "ಈ ವಯಸ್ಸಿನಲ್ಲಿ ಕಲಿತದ್ದು, ಕೈಗೆ ಹತ್ತಲಿಲ್ಲ ಅನ್ಸುತ್ತೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದ. ಕರಗಿದ ಜೇನುಗೂಡು, ಗೊತ್ತಿದ್ದೂ ಮುಚ್ಚಿಟ್ಟದ್ದು, ಪಕ್ಕದವನ ಮೇಲಿನ ಸಿಟ್ಟು, ಅವತ್ತು ಅವನ ಎದುರು ಮಾನ ಉಳಿಸಿಕೊಳ್ಳಲು ಅವಳ ತಲೆಗೆ ಕಟ್ಟಿದ್ದು, ಒಂದೂ ಬಿಡದೆ.

"ನೀನು ನಡುಗುತ್ತೆ ಅಂದಿದ್ದೇ ಸರಿ ಅಕ್ಕ. ತಪ್ಪು ನಿಂದಲ್ಲ. ಒಂಚೂರೂ ನಿಂದಲ್ಲ."

ಅಕ್ಕ ಲೋಟ ಕೆಳಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಅವತ್ತು ಬೀದಿಯವರೆಲ್ಲ ಕೇಳೋ ಹಾಗೆ ಹೇಳಿದೆ. ಇವತ್ತು ಅಡುಗೆಮನೆಯಲ್ಲಿ ನನ್ನೊಬ್ಬಳ ಕಿವಿಗೆ ಹೇಳ್ತೀಯಾ?"

ಅವನು ಹಜಾರಕ್ಕೆ ನಡೆದ. ಭಾವ ಕುರ್ಚಿಯಲ್ಲಿ ಕಾಲು ಚಾಚಿ ಪೇಪರ್ ಓದುತ್ತಿದ್ದ. ಹೊಗೆಯಣ್ಣ ನಿಂತುಕೊಂಡೇ, ಶಾಲೆಯಲ್ಲಿ ತಪ್ಪು ಒಪ್ಪಿಸುವ ಹುಡುಗನ ಹಾಗೆ, ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಭಾವ ಕನ್ನಡಕದ ಮೇಲಿನಿಂದ ಅವನನ್ನು ನೋಡಿದ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದ, ಆಮೇಲೆ ನಗತೊಡಗಿದ.

"ಅಕ್ಕ ಮುಖ ಸಣ್ಣ ಮಾಡಿಕೊಂಡಿದ್ದಾಳೆ ಅಂತ ತಪ್ಪನ್ನ ನಿನ್ನ ಮೈಮೇಲೆ ಎಳ್ಕೊಳ್ತಿದ್ದೀಯಾ? ನನಗೆ ಗೊತ್ತಾಗಲ್ವೇನೋ?"

"ಇಲ್ಲ ಭಾವ, ನಿಜ. ಆಣೆ ಮಾಡ್ತೀನಿ. ಇಂಜಿನ್ನಯ್ಯನ್ನ ಕೇಳಿ ಬೇಕಾದ್ರೆ."

"ಅವನಿಗೂ ಹೇಳಿಕೊಟ್ಟಿರ್ತೀಯ ಬಿಡು." ಭಾವ ಎದ್ದು ಬಂದು ಅವನ ಬೆನ್ನು ತಟ್ಟಿದ. "ಹುಟ್ಟಿದರೆ ನಿನ್ನಂಥ ತಮ್ಮ ಹುಟ್ಟಬೇಕು ಕಣೋ. ಒಳ್ಳೆಯವನು ನೀನು."

ಆ ಕೈ ಬೆನ್ನಿನ ಮೇಲೆ ಕಾದ ಕಬ್ಬಿಣ ಇಟ್ಟ ಹಾಗಾಯಿತು. ಅಕ್ಕನ ಮೇಲಿನ ಆ ಸುಳ್ಳನ್ನು ಹೊಗೆಯಣ್ಣ ಒಂದೇ ಒಂದು ಸಲ ಹೇಳಿದ್ದ, ಅದೂ ಪೂರ್ತಿ ಯೋಚಿಸದೆ. ಅದು ಈ ಮನೆಯಲ್ಲಿ ಬೇರುಬಿಟ್ಟು ಕೂತಿತ್ತು. ಅಕ್ಕನ ಕಡೆ ನೋಡಲು ಧೈರ್ಯ ಬರದೆ, ಕೀಲಿಯನ್ನು ಮೇಜಿನ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡ.

ಗೇಟಿನ ಹತ್ತಿರ ಬರುವಷ್ಟರಲ್ಲಿ ಅಕ್ಕ ಹಿಂದೆಯೇ ಬಂದಳು.

"ನಂಬಲಿಲ್ಲ, ಅಲ್ವಾ?"

ಅವನು ಗೇಟಿನ ಚಿಲಕಕ್ಕೆ ಕೈ ಹಾಕಿದ.

"ನಾಳೆ ಬಂದು ಮತ್ತೆ ಹೇಳು. ನಾಡಿದ್ದೂ ಬಾ. ಅವರು ನಂಬೋವರೆಗೂ ಬಂದು ಹೇಳ್ತಾ ಇರು."

"ಆಗ್ಲಿ ಅಕ್ಕ."

ಮಾರನೆಯ ದಿನ ಬೆಳಿಗ್ಗೆ, ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ, ಹೊಗೆಯಣ್ಣ ಅದೇ ಹಜಾರದಲ್ಲಿ ಅದೇ ಕುರ್ಚಿಯ ಮುಂದೆ ಬಂದು ನಿಂತ. ಅಕ್ಕ ಚೀಲಕ್ಕೆ ಪಟ್ಟಿ, ಹತ್ತಿ, ಕತ್ತರಿ ತುಂಬುತ್ತಿದ್ದಳು.

"ಭಾವ, ಆ ಗಾಡಿ ವಿಷಯ..."

"ಅಯ್ಯೋ, ಮತ್ತೆ ಶುರು ಮಾಡಿದೆಯಾ?" ಭಾವ ಪೇಪರ್ ಕೆಳಗಿಳಿಸಲೇ ಇಲ್ಲ.

ಅಕ್ಕ ಮೇಜಿನ ಮೇಲಿದ್ದ ಕೀಲಿಯನ್ನು ಎತ್ತಿಕೊಂಡು, ಇಬ್ಬರ ನಡುವೆಯೇ ದಾಟಿಕೊಂಡು ಹೊರಗೆ ಹೋದಳು. ಹೊಗೆಯಣ್ಣ ಮೊದಲಿನಿಂದ ಹೇಳತೊಡಗಿದ.