ಮೆಹರುನ್ನಿಸಾ ಟೀಚರ್ ಮತ್ತು ಕಾದ ಲ್ಯಾಪ್‌ಟಾಪ್

ಸಿಟ್ಟು ಬಂದಷ್ಟೂ ಮೆಹರುನ್ನಿಸಾ ಟೀಚರ್ ದನಿ ಇಳಿಯುತ್ತಿತ್ತು. ಅವರು ಪಿಸುಗುಟ್ಟತೊಡಗಿದರೆ ಹುಡುಗಿಯರೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆವು. ನರಗುಂದದ ಪೇಟೆಯಲ್ಲಿ, ಕಾಳಿನ ಅಂಗಡಿಯ ಮೇಲಿನ ಕೋಣೆಯೇ ಅವರ ಕಂಪ್ಯೂಟರ್ ಕ್ಲಾಸು. ಯಾರಾದರೂ ಅಂಜಿ ಕೈ ಹಿಂದೆ ತೆಗೆದರೆ, “ಅದೇನ್ ಕಡೀತೈತೇನ? ಒತ್ತು” ಎನ್ನುತ್ತಿದ್ದರು.

ರೋಣದಲ್ಲೂ ಹೆಣ್ಣುಮಕ್ಕಳಿಗೆ ಒಂದು ಕ್ಲಾಸು ತೆರೆಯಬೇಕೆಂಬುದು ಅವರ ಹಟ. ಅಲ್ಲಿನ ಪಾಲಕರನ್ನು ಕರೆದು, ನಮ್ಮಿಂದಲೇ ಕನ್ನಡದಲ್ಲಿ ಟೈಪ್ ಮಾಡಿಸಿ ತೋರಿಸುವುದೆಂದು ಗೊತ್ತುಮಾಡಿದರು. “ಇಷ್ಟು ಕಲತಿ, ಸಾಕು” ಎಂದು ನನ್ನನ್ನು ಕ್ಲಾಸಿನಿಂದ ಬಿಡಿಸಲು ಹೊರಟಿದ್ದ ಅಪ್ಪನೂ ನೋಡಲು ಬರುವವರಿದ್ದರು.

ಕನ್ನಡ ಅಕ್ಷರ ಸರಿಯಾಗಿ ಮೂಡಲೆಂದು ಟೀಚರ್ ತಮ್ಮ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದಿಟ್ಟು, ಹೊಸ ಡಿಸ್ಕ್ ಕೂಡಿಸಿ ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದರು. ಅಕ್ಷರವೇನೋ ಚೆನ್ನಾಗಿ ಬಂತು. ಆದರೆ ಸ್ವಲ್ಪ ಹೊತ್ತಿಗೇ ಅದು ಕಾದ ಹಂಚಿನಂತಾಗಿ ತಾನಾಗಿ ಬಂದ್ ಆಗುತ್ತಿತ್ತು. ರೋಣಕ್ಕೆ ಹೋಗುವ ಹಿಂದಿನ ದಿನವೂ ಅದೇ ಪಾಡು. ನನಗೆ ಅಳು ಬಂತು.

“ಅತ್ರ ಅದು ತಣ್ಣಗಾಗೂದಿಲ್ಲ. ಸ್ಕ್ರೂಡ್ರೈವರ್ ಕೊಡ” ಎಂದರು ಟೀಚರ್.

ಇಬ್ಬರೂ ಕೂಡಿ ಬಿಚ್ಚಿದೆವು. ಒಳಗೆ ಕೆಳಗಿನ ಅಂಗಡಿಯ ಧೂಳೆಲ್ಲ ಇತ್ತು. ಬ್ರಷ್ಷಿನಿಂದ ತೆಗೆದೆವು. ಆದರೂ ಕಾಯಿತು. ಕಿವಿ ಇಟ್ಟು ಕೇಳಿದರೆ, ಮಷೀನನ್ನು ತಣ್ಣಗಿಡುವ ಒಳಗಿನ ಫ್ಯಾನಿನ ಸದ್ದೇ ಇಲ್ಲ. ಟೀಚರ್ ಹಳೆಯ ಸಿಸ್ಟಂ ಇದ್ದ ಆ ಹಾರ್ಡ್ ಡಿಸ್ಕನ್ನು ಮತ್ತೆ ಹಾಕಿ ಚಾಲೂ ಮಾಡಿದರು. ಫ್ಯಾನು ತಿರುಗಿತು!

“ಫ್ಯಾನ್ ಚಲೋ ಐತಿ. ತಿರುಗು ಅಂತ ಹೊಸ ಸಿಸ್ಟಂ ಅದಕ್ಕ ಹೇಳವಲ್ದು” ಎಂದರು.

ಹೊಸ ಡಿಸ್ಕನ್ನೇ ಮತ್ತೆ ಕೂಡಿಸಿ, ಮಷೀನು ಚಾಲೂ ಆಗುವ ಮೊದಲೇ ತೆರೆಯುವ ಸೆಟ್ಟಿಂಗಿನ ನೀಲಿ ಪರದೆಗೆ ಹೋದರು. ಒಂದೊಂದೇ ಸಾಲು ಓದುವುದು ನನ್ನ ಕೆಲಸ. ಫ್ಯಾನು ಸದಾ ತಿರುಗುತ್ತಿರಲಿ ಎಂಬರ್ಥದ ಸಾಲು ಕಂಡಾಗ ಕೂಗಿಯೇಬಿಟ್ಟೆ. “ಒತ್ತು” ಎಂದರು. ಒತ್ತಿದೆ.

ಮರುದಿನ ರೋಣದಲ್ಲಿ ಲ್ಯಾಪ್‌ಟಾಪು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು, ಆದರೆ ಬಂದ್ ಆಗಲಿಲ್ಲ. “ನನ್ನ ಹೆಸರೂ ಬರಿಯವ್ವ” ಎಂದು ಹೆಂಗಸರು ಮುತ್ತಿಕೊಂಡರು. ಅಪ್ಪ ಟೀಚರನ್ನು ಕೇಳಿದರು: “ನಿನ್ನಿ ಕೆಟ್ಟಿತ್ತಂತಲ್ರಿ, ಯಾರ್ ರಿಪೇರಿ ಮಾಡಿದ್ರು?”

“ನಾನೂ ನಿಮ್ಮ ಮಗಳೂ ಕೂಡಿ ಮಾಡೀವ್ರಿ.”

ಅಪ್ಪ ನನ್ನನ್ನೇ ನೋಡಿದರು. ಆಮೇಲೆ, “ಹಂಗಾರ ಇಕಿ ಪೂರಾ ಕಲೀಲಿ ಬಿಡ್ರಿ” ಎಂದರು. ರೋಣದ ಕ್ಲಾಸೂ ಶುರುವಾಯಿತು.

ಕೆಲವು ವರ್ಷಗಳ ನಂತರ ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ ಗಜೇಂದ್ರಗಡದ ಬಸ್ಸಿನಲ್ಲಿ ಟೀಚರ್ ಸಿಕ್ಕರು. ಸೊರಗಿದ್ದರು. ಅದೇ ವರ್ಷ ತೀರಿಕೊಂಡರು. ಅವರನ್ನು ಕಂಡದ್ದು ಅದೇ ಕೊನೆ. ಅಂದು ಬಸ್ಸಿನಲ್ಲಿ ತಮ್ಮ ಪಕ್ಕ ಕೂತ ಅಪರಿಚಿತ ಹೆಂಗಸಿನ ತೋಳು ಹಿಡಿದು, “ನೋಡ್ರಿ, ಇಕಿ ನನ್ನ ಹುಡುಗಿ. ಈಗ ಕಾಲೇಜಿನ್ಯಾಗ ಕಲಸ್ತಾಳ” ಎಂದರು. ಮುಂದಿನ ಸೀಟಿನವರೂ ತಿರುಗಿ ನೋಡಿದರು. ನಾಚಿಕೆಯಾದರೂ ನಾನು ತಲೆ ತಗ್ಗಿಸಲಿಲ್ಲ.