ಮೈಕ್ ಸತ್ಯಪ್ಪನ ಮುಗಿಯದ ‘ಇವತ್ತು’

ರಾಮದುರ್ಗದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹಳೆಯ ಆಟೊದ ಹಿಂದಿನ ಸೀಟಿನಲ್ಲಿ ಕುಳಿತ ಸತ್ಯಪ್ಪ ಬಿಸಿನೀರು ಗುಟುಕರಿಸಿ, ಗಂಟಲು ಸರಿಮಾಡಿಕೊಂಡು, ಎದುರಿಗೆ ಮೊಬೈಲ್ ಹಿಡಿದು ನಿಂತ ಸೊಸೆ ಯಶೋಧಾಳ ಕಡೆ ನೋಡುತ್ತಾರೆ. ಆಕೆ ಕೈಸನ್ನೆ ಮಾಡುತ್ತಾಳೆ. "ಕೇಳ್ರಿ ಕೇಳ್ರಿ ಕೇಳ್ರೀ..." ಎಂದು ಅವರು ಎಳೆದರೆ ಪಕ್ಕದ ಮನೆಯ ಹುಂಜವೂ ಬಾಯಿ ಮುಚ್ಚುತ್ತದೆ. ಅಬ್ಬಬ್ಬಾ, ಅರವತ್ತು ದಾಟಿದ ಗಂಟಲೇ ಇದು! ಮೊದಲು ತಾರೀಖು, ಆಮೇಲೆ ವಾರ, ಆಮೇಲೆ ಮಂಜುಳಾ ಎಂಬವರು ಮನೆಯಲ್ಲೇ ಮಾಡಿ ಮಾರುವ ಶೇಂಗಾ ಹೋಳಿಗೆಯ ವರ್ಣನೆ.

"ಇನ್ನೊಮ್ಮೆ ಹೇಳ್ತೀರೇನ್ರಿ ಮಾವಾರ?" ಎನ್ನುತ್ತಾಳೆ ಯಶೋಧಾ.

"ಬ್ಯಾಡ ಬಿಡವ್ವಾ. ಎರಡನೇ ಸಲ ಹೇಳಿದ್ರ ಹೋಳಿಗಿ ಹಳಸತಾವ."

ಟ್ರ್ಯಾಕ್ಟರುಗಳ ಗದ್ದಲ ಶುರುವಾಗುವ ಮುನ್ನ ಈ ಕೆಲಸ ಮುಗಿಯಬೇಕು. ಚಹಾ ಕುಡಿಯುವಷ್ಟರಲ್ಲಿ ವಿಡಿಯೊ ಸವದತ್ತಿ, ಬೈಲಹೊಂಗಲ, ಕಿತ್ತೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಮಿರ್ಚಿ ಬಂಡಿ, ಬಳೆ ಅಂಗಡಿ, ಖಾನಾವಳಿ, ಹೊಲಿಗೆ ಕ್ಲಾಸು, ಹೀಗೆ ಬೋರ್ಡು ಬರೆಸಲೂ ಕೈಯಲ್ಲಿ ಕಾಸಿಲ್ಲದವರೇ ಇವರ ಗಿರಾಕಿಗಳು. ಕೊಟ್ಟಷ್ಟು ಇಸಿದುಕೊಳ್ಳುತ್ತಾರೆ, ಕೊಡದಿದ್ದರೆ ಒಂದು ಪ್ಲೇಟ್ ಮಿರ್ಚಿ ತಿಂದು ಬರುತ್ತಾರೆ.

ದನಿ ಮನೆತನದ್ದು. ಅಪ್ಪ ಹನುಮಪ್ಪ ಹಲಗೆ ಬಾರಿಸಿ ಊರೂರು ಡಂಗುರ ಸಾರುತ್ತಿದ್ದರು. "ನಮ್ಮಪ್ಪನ್ನ ಯಾರೂ ತಮ್ಮ ಕಟ್ಟಿ ಮ್ಯಾಲ ಕುಂಡ್ರಸಲಿಲ್ಲ. ಅಂಗಳದಾಚಿ ನಿಂತ ಕೂಗಬೇಕಾಗಿತ್ತು. ಆದ್ರ ಹನುಮಪ್ಪ ಹೇಳಿದ್ದು ಸುಳ್ಳು ಅಂತ ಯಾರೂ ಅನ್ನಲಿಲ್ಲ. ನಮಗ ಅಂವ ಬಿಟ್ಟ ಹೋದ ಆಸ್ತಿ ಅಂದ್ರ ಅಷ್ಟ ನೋಡ್ರಿ," ಎನ್ನುವಾಗ ಸತ್ಯಪ್ಪನವರ ದನಿ ಮೊದಲ ಸಲ ತಗ್ಗುತ್ತದೆ.

ಹಲಗೆಯ ಜಾಗಕ್ಕೆ ಮೈಕು ಬಂತು. ಟೆಂಟ್ ಸಿನಿಮಾ, ನಾಟಕ ಕಂಪನಿ, ಬಟ್ಟೆ ಅಂಗಡಿ, ಯಾರದೇ ಪ್ರಚಾರವಿರಲಿ ಆಟೊದ ಮೇಲೆ ಕಹಳೆ ಕಟ್ಟಿ ಸತ್ಯಪ್ಪ ಹೊರಟರೆಂದರೆ ಓಣಿಗೆ ಓಣಿಯೇ ಹೊರಗೆ. ಬಣ್ಣದ ಹಾಳೆ ತೂರಿದರೆ ಮಕ್ಕಳ ದಂಡು ಬೆನ್ನು ಹತ್ತುತ್ತಿತ್ತು, ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದರು. ಏನು ದಿನಗಳು ಅವು! "ಆಗ ನಮ್ಮ ಧಂದೇದಾಗ ಒಂದ ಮಾತು ಭಾರಿ ಇತ್ತು. ಇವತ್ತ! ನಾಳಿ ಅಂದ್ರ ಮಂದಿ ಮರೀತಾರ. ಇವತ್ತ ಅಂದ್ರ ಚಪ್ಪಲ್ ಹುಡುಕತಾರ," ಎಂದು ನಗುತ್ತಾರೆ.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಮೈಕಿಗೆ ಧೂಳು ಹತ್ತಿತು. ಮಾವ ಮಂಕಾಗಿ ಕೂತದ್ದು ನೋಡಲಾರದೆ ಯಶೋಧಾಳೇ ಒಂದು ದಿನ ಮೊಬೈಲ್ ಎದುರು ಹಿಡಿದು, "ಇದರಾಗ ಕೂಗ್ರಿ ನೋಡೂನು," ಅಂದಳು. ಮೊದಲ ಪ್ರಚಾರ ನಿಜಗುಣಪ್ಪನವರ ಬಟ್ಟೆ ಅಂಗಡಿಯದು. ಇಳಕಲ್ ಸೀರೆ ಅರ್ಧ ರೇಟಿಗೆ, ಒಂದೇ ದಿನ. ಸತ್ಯಪ್ಪ ರೂಢಿಯಂತೆ ಗಂಟಲು ಬಿಚ್ಚಿ, "ಇವತ್ತ, ಇವತ್ತೊಂದ ದಿನ, ಬರ್ರೀ" ಎಂದರು. ಅಂಗಡಿ ತುಂಬಿ ತುಳುಕಿತು. ಸತ್ಯಪ್ಪನಿಗೆ ಹೋದ ಜೀವ ಬಂದಂತಾಯಿತು.

ಐದಾರು ತಿಂಗಳು ಕಳೆದ ಮೇಲೆ ಒಂದು ಮುಂಜಾನೆ ಅದೇ ಅಂಗಡಿಯ ಮೆಟ್ಟಿಲಲ್ಲಿ ಕಟಕೋಳದ ರಾಚವ್ವ ಕೂತಿದ್ದಳು. ಕೈಯಲ್ಲಿ ಖಾಲಿ ಚೀಲ. ಬಸುರಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಇಳಕಲ್ ಸೀರೆ ಒಯ್ಯಲು ಮೊದಲ ಬಸ್ಸಿಗೇ ಬಂದಿದ್ದಾಳೆ. ಹಿಂದಿನ ಸಂಜೆ ಪಕ್ಕದ ಮನೆಯ ಮೊಬೈಲಿನಲ್ಲಿ ಆ ಹಳೆಯ ವಿಡಿಯೊ ಕೇಳಿ, ಒಂದು ದಿನ ತಡವಾದರೂ ಉಳಿದಿದ್ದು ಸಿಕ್ಕೀತು ಎಂಬ ಆಸೆ. ನಿಜಗುಣಪ್ಪ, "ಅದು ಯಾವಾಗೋ ಮುಗದೈತೆವ್ವಾ, ನಾ ಏನ ಮಾಡ್ಲಿ?" ಎಂದು ಕೈ ಚೆಲ್ಲಿದ್ದರು.

ಸುದ್ದಿ ಕೇಳಿ ಸತ್ಯಪ್ಪ ಅಲ್ಲಿಗೆ ಓಡಿದರು. ಪೂರ್ತಿ ರೇಟಿಗೆ ಕಡಿಮೆ ಬೀಳುವ ದುಡ್ಡು ತಾನು ಹಾಕುತ್ತೇನೆಂದರೆ ರಾಚವ್ವ ಒಪ್ಪಲಿಲ್ಲ. "ಮಗಳ ಕುಬಸಕ್ಕ ಮಂದಿ ರೊಕ್ಕದ ಸೀರಿ ಉಡಸ್ಲೇನ? ಬಿಡೋ ತಮ್ಮಾ. ಬ್ಯಾರೆ ಯಾರರ ಹೇಳಿದ್ರ ಬರತಿದ್ದಿಲ್ಲ. ನಿನ್ನ ದನಿ ಅಂತ ಬಂದೆ," ಎಂದು ಎದ್ದು ಹೋದಳು. ಆಕೆ ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಸತ್ಯಪ್ಪ. ಅಂದು ಅವರಿಗೆ ಊಟ ಸೇರಲಿಲ್ಲ. ಅಪ್ಪ ಉಳಿಸಿದ ಮಾತನ್ನು ತಾನು ಕಳೆದೆನಲ್ಲ ಎಂಬ ಸಂಕಟ.

ಯಶೋಧಾ ತನ್ನ ಮೊಬೈಲಿನಿಂದ ಆ ವಿಡಿಯೊ ಅಳಿಸಿದಳು. ಪರರ ಮೊಬೈಲಿನಲ್ಲಿದ್ದುದನ್ನು ಅಳಿಸುವವರು ಯಾರು? ಮರುದಿನ ಸತ್ಯಪ್ಪ ಧೂಳು ಒರೆಸಿ ಮೈಕು ಕಟ್ಟಿ ಕಟಕೋಳಕ್ಕೆ ಹೊರಟರು. ಓಣಿ ಓಣಿಯಲ್ಲೂ ಒಂದೇ ಮಾತು: "ನಾನು ಸತ್ಯಪ್ಪ. ಮೊಬೈಲಿನಾಗ ಇವತ್ತ ಅಂದೇನಲ್ಲ, ಅದು ಆಗಿ ಹ್ವಾದ ದಿನ. ತಪ್ಪು ನಂದು. ಯಾರೂ ಬರಬ್ಯಾಡ್ರೀ!" ನಿಜಗುಣಪ್ಪ ಕೆಂಡವಾದರು. ತನ್ನ ಅಂಗಡಿಗೆ ಬರಬೇಡಿ ಎಂದು ಕೂಗಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಅವರ ಪ್ರಚಾರ ಕೈತಪ್ಪಿತು. ಆದರೂ ಸತ್ಯಪ್ಪ ಎಂಟು ದಿನ ಆಟೊ ನಿಲ್ಲಿಸಲಿಲ್ಲ, ತೊರಗಲ್‌ವರೆಗೂ ಹೋಗಿ ಬಂದರು.

ಅಂದಿನಿಂದ ತಾರೀಖು ಹೇಳದೆ ಅವರು ಬಾಯಿ ಬಿಡುವುದಿಲ್ಲ. ಕೊನೆಗೆ ತಮ್ಮ ನಂಬರ್ ಹೇಳಿ, "ಬಸ್ ಹತ್ತೂಕಿಂತ ಮದಲ ನನಗ ಒಂದ ಫೋನ್ ಹಚ್ರಿ," ಎನ್ನುತ್ತಾರೆ. ನಮ್ಮೊಂದಿಗಿನ ಮಾತಿನ ನಡುವೆಯೇ ಕಿತ್ತೂರಿನಿಂದ ಯಾರೋ ಹೆಣ್ಣುಮಗಳು ಕರೆ ಮಾಡುತ್ತಾಳೆ. ಮತ್ತದೇ ಸೀರೆಯ ವಿಡಿಯೊ! ನಂಬರ್ ಮಾತ್ರ ಹೊಸ ವಿಡಿಯೊದಿಂದ ಹುಡುಕಿಕೊಂಡಿದ್ದಾಳೆ. "ಬರಬ್ಯಾಡ ತಂಗಿ, ಅದು ಮುಗದ ಭಾಳ ದಿನಾ ಆತು." ಆಚೆಯಿಂದ ಉತ್ತರ: "ಕೇಳಿದ್ದ ಚಲೋ ಆತ್ರಿ ಅಣ್ಣಾರ, ಸ್ಟ್ಯಾಂಡಿನಾಗ ನಿಂತಿದ್ದೆ." ಸತ್ಯಪ್ಪನ ಮುಖ ಅರಳುತ್ತದೆ.

ಇನ್ನೇನು ಆಸೆ ಎಂದು ಕೇಳಿದರೆ ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ. "ನಾ ಹ್ವಾದ ಮ್ಯಾಲೂ ಈ ದನಿ ಬರ್ರಿ ಬರ್ರಿ ಅನಕೋತ ತಿರಗತೈತಲ್ಲ, ಅದರದ ಚಿಂತಿ. ಫೋನ್ ಹಚ್ಚಿದ್ರ ಎತ್ತಾವ್ರ ಯಾರು? ಅದಕ್ಕ ಒಂದ ವಿಡಿಯೊ ಮಾಡಿ ಇಟ್ಟೇನ್ರಿ. ಸತ್ಯಪ್ಪ ತೀರಕೊಂಡಾನ, ಇನ್ನ ಅವನ ದನಿ ಕೇಳಿ ಯಾರೂ ಬಸ್ ಹತ್ತಬ್ಯಾಡ್ರಿ ಅಂತ ನಾನ ಹೇಳೇನಿ."

"ಮುಂಜಾನೆದ್ದು ಎಂಥಾ ಮಾತ್ರೀ ಮಾವಾರ!" ಯಶೋಧಾ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಾಳೆ.

"ಅಳಬ್ಯಾಡವ್ವಾ. ಎಲ್ಲಾ ಹೇಳಿ ಮುಗಸೇನಿ. ತಾರೀಖ ಒಂದ ಬಾಕಿ ಐತಿ, ಅದನ್ನ ನೀ ಹೇಳಬೇಕು."