ಸಿದರಾಯನ ಸಮಪಾಲಿನ ಬಾವಿ

ಕಬ್ಬೂರಿನ ಸಿದರಾಯನಷ್ಟು ಸಮಾನತೆಯನ್ನು ಪ್ರೀತಿಸಿದವನು ಚಿಕ್ಕೋಡಿ ತಾಲೂಕಿನಲ್ಲೇ ಇಲ್ಲ. ಹೀಗೆಂದು ಹೇಳುವವನೂ ಅವನೇ, ಹೇಳಿ ಮೊದಲು ನಗುವವನೂ ಅವನೇ.

ಅವನಿಗೂ ತೀರಿಹೋದ ಅಣ್ಣನ ಹೆಂಡತಿ ಜನಾಬಾಯಿಗೂ ಸೇರಿ ಒಂದೇ ಬಾವಿ, ಒಂದೇ ಮೋಟಾರು. ಯಾರ ಬೆಳೆ ಮೊದಲು ಬಾಡುತ್ತದೋ ಅವರಿಗೆ ನೀರು ಎಂಬುದು ಅಪ್ಪನ ಕಾಲದ ರೂಢಿ. ಸಿದರಾಯನದು ನೀರು ಹಿಡಿದಿಡುವ ಎರೆಭೂಮಿ. ಜನಾಬಾಯಿಯದು ಮರಡಿ, ಮುಂಜಾನೆ ಕುಡಿದದ್ದನ್ನು ಸಂಜೆಗೇ ಮರೆಯುವ ನೆಲ. ಹೀಗಾಗಿ ನೀರು ಹೆಚ್ಚು ಹೊತ್ತು ಅವಳ ಕಡೆಗೇ. ೧೯೮೫ರಲ್ಲಿ ಚಿಕ್ಕೋಡಿಯಲ್ಲಿ ಯಾರದೋ ಭಾಷಣ ಕೇಳಿ ಬಂದ ಸಿದರಾಯ, ಕಾನೂನಿನ ಮುಂದೆ ಸಮಾನರಾದವರು ಬಾವಿಯ ಮುಂದೆಯೂ ಸಮಾನರೇ ಎಂದು ದಾವೆ ಹೂಡಿದ.

ದಾವೆ ಆರು ವರ್ಷ ನಡೆಯಿತು. ಕಡತ ಎಷ್ಟು ದಪ್ಪವಾಯಿತೆಂದರೆ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ಹರಿದ. ತಾರೀಖಿನ ದಿನ ವಾದಿ, ಪ್ರತಿವಾದಿ ಒಂದೇ ಬಸ್ಸಿಗೆ ಹೋಗಿ, ಜನಾಬಾಯಿ ಕಟ್ಟಿಕೊಂಡ ರೊಟ್ಟಿಯನ್ನು ಬೇವಿನ ಗಿಡದ ಕೆಳಗೆ ಕೂಡಿ ತಿನ್ನುತ್ತಿದ್ದರು. ಅಲ್ಲಿ ಮಾತ್ರ ಸಿದರಾಯ ಸಮಪಾಲು ಕೇಳಲಿಲ್ಲ, ಹಸಿದಷ್ಟು ತಿಂದ.

ಕೊನೆಗೆ ತೀರ್ಪು ಬಂತು: ಮುಂಜಾನೆ ಆರರಿಂದ ಹನ್ನೆರಡು ಸಿದರಾಯನಿಗೆ, ಹನ್ನೆರಡರಿಂದ ಆರು ಜನಾಬಾಯಿಗೆ. ತಂಪು ಹೊತ್ತು ತನಗಿರಲಿ ಎಂದು ಮುಂಜಾನೆ ಬರೆಸಿದವನು ಅವನೇ. ಊರಿಗೆಲ್ಲ ಪೇಢೆ ಹಂಚಿ, ಗೋಡೆ ಗಡಿಯಾರವೊಂದನ್ನು ತಂದು ಮೋಟಾರಿನ ಖೋಲಿಯಲ್ಲಿ ನೇತುಹಾಕಿದ.

ಆ ಬೇಸಿಗೆ ಮೋಟಾರು ತಿರುಗುವಷ್ಟು ಕರೆಂಟು ಮಧ್ಯಾಹ್ನ ಮಾತ್ರ ಬರತೊಡಗಿತು. ಹದಿನೈದು ದಿನ ಸಿದರಾಯ ಗಡಿಯಾರದ ಕೆಳಗೆ ಕೂತು ತನ್ನ ನ್ಯಾಯದ ಆರು ಗಂಟೆಗಳನ್ನು ಒಂದು ನಿಮಿಷವೂ ಬಿಡದೆ ಅನುಭವಿಸಿದ. ಎರೆಭೂಮಿ ಬಿರಿದು, ಬಿರುಕಿನಲ್ಲಿ ಎಮ್ಮೆ ಇಳಿದರೆ ಕೋಡೂ ಕಾಣದಂತಾಯಿತು. ಕಬ್ಬಿನ ಸುಳಿ ಒಣಗುತ್ತಿತ್ತು. ಇನ್ನೊಂದು ವಾರ ಕಳೆದರೆ ವರ್ಷದ ಬೆಳೆಯೆಲ್ಲ ಒಲೆಗೆ.

ಹದಿನಾರನೆಯ ದಿನ ಹನ್ನೆರಡು ಹೊಡೆದಾಗ ಜನಾಬಾಯಿ ಬಂದು ಮೋಟಾರು ಹಾಕಿದಳು. ಸಲಿಕೆ ಹಿಡಿದು ನೀರನ್ನು ಅವನ ಕಬ್ಬಿಗೆ ತಿರುವಿದಳು.

"ವೈನಿ, ಈಗ ನಿಮ್ಮ ಪಾಳಿರಿ. ಕೋರ್ಟಿನ ಆರ್ಡರ ಐತಿ," ಅಂದ ಸಿದರಾಯ.

"ಆರ್ಡರ ನಿನಗ ಆಗೇತಿ. ಕಬ್ಬ ಏನ್ ತಪ್ಪ ಮಾಡೇತಿ? ಸರಿ ಅತ್ಲಾಗ."

ಅವನು ಸರಿದ. ಗಡಿಯಾರ ಮನೆಗೆ ಹೋಯಿತು, ಹಳೆಯ ರೂಢಿ ಬಾವಿಗೆ ಮರಳಿತು. ಆ ಖಟ್ಲೆ ಏನಾಯಿತೆಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ ಸಿದರಾಯ ಈಗಲೂ ಎದೆಯುಬ್ಬಿಸಿ ಹೇಳುತ್ತಾನೆ:

"ನಾನ ಗೆದ್ದೀನ್ರಿ. ನೀರಷ್ಟ ವೈನಿ ಕೊಟ್ಟಾರ."